ಕಾರಣವಿಲ್ಲದ ದಿಗಿಲು

ಭಯವೆಂಬುದು ಯಾರಿಗೆ ತಾನೆ ಗೊತ್ತಿಲ್ಲ? ಕತ್ತಲೆಯಲ್ಲಿ ಕಾಲ ಬಳಿ ಏನೋ ಸರಿದಂತಾದರೆ, ಬೀದಿ ದಾಟುವಾಗ ಲಾರಿಯೊಂದು ಮೈಮೇಲೆಯೇ ಹಾಯ್ದಂತಾದರೆ, ಎದೆ ಧಸಕ್ಕೆನ್ನುತ್ತದೆ. ಇದು ಸಹಜ. ಇಲ್ಲಿ ಭಯಕ್ಕೆ ಕಾರಣ ಕಣ್ಣೆದುರಿಗೇ ಇರುತ್ತದೆ. ಕಾರಣ ಮರೆಯಾದ ಮೇಲೆ ಭಯವೂ ಮರೆಯಾಗುತ್ತದೆ. ಆದರೆ ಹಾವಿಲ್ಲ, ಹುಲಿಯಿಲ್ಲ, ಕಳ್ಳನಿಲ್ಲ. ಊಟ ಮುಗಿಸಿ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತವನಿಗೆ ಇದ್ದಕ್ಕಿದ್ದಂತೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗಿ, ಉಸಿರು ಸಿಕ್ಕಿಕೊಂಡು, ಮೈಯೆಲ್ಲ ಬೆವರಿ, 'ಇದೀಗ ಸತ್ತೆ' ಎನ್ನಿಸಿಬಿಟ್ಟರೆ ಅದನ್ನು ಏನೆಂದು ಕರೆಯೋಣ? ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಹೆಸರಿಲ್ಲ. ಒಂದು ಮನೆಯಲ್ಲಿ ಇದು ಹೃದಯದ ಬೇನೆ, ಇನ್ನೊಂದರಲ್ಲಿ ಗಾಳಿ ಸೋಂಕು, ಮತ್ತೊಂದರಲ್ಲಿ ಬರಿಯ ನಾಟಕ. ಹೆಸರು ತಪ್ಪಿದರೆ ಉಪಚಾರವೂ ತಪ್ಪುತ್ತದೆ. ಆದುದರಿಂದ ಈ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಇದನ್ನು ಬರೆಯಲು ನನಗಿರುವ ಅಧಿಕಾರ ಎರಡು ಪ್ರಸಂಗಗಳಿಂದ ಬಂದದ್ದು. ಮೊದಲನೆಯದರಲ್ಲಿ ತಪ್ಪು ನನ್ನದೇ.

ಕೆಲವು ವರ್ಷಗಳ ಹಿಂದೆ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಓದಿನಲ್ಲಿ ಚುರುಕು. ಒಂದು ದಿನ ಕಿರುಪರೀಕ್ಷೆ ನಡೆಯುತ್ತಿದ್ದಾಗ ಎದ್ದು ನಿಂತು, "ಸಾರ್, ಉಸಿರಾಡಕ್ಕೆ ಆಗ್ತಿಲ್ಲ" ಎಂದಳು. ಮುಖ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು. ನಾನು, "ಓದದೆ ಬಂದರೆ ಹೀಗೆಯೇ ಆಗುವುದು, ಕೂತು ಬರಿಯಮ್ಮ" ಎಂದುಬಿಟ್ಟೆ. ತರಗತಿ ನಕ್ಕಿತು. ಮುಂದೆ ಎರಡು ಬಾರಿ ಹಾಗೆಯೇ ಆಯಿತು. ಅನಂತರ ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. ಮನೆಯವರು ಯಂತ್ರ ಕಟ್ಟಿಸಿದರು, ದೃಷ್ಟಿ ತೆಗೆದರು, ಹರಕೆ ಹೊತ್ತರು. ಆ ವರ್ಷ ಅವಳು ಪರೀಕ್ಷೆಗೆ ಕೂಡಲಿಲ್ಲ.

ಎರಡನೆಯ ಪ್ರಸಂಗ ನನ್ನದೇ. ನನ್ನ ಅಣ್ಣ ಹೃದಯಾಘಾತದಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದೆ. ಘಾಟಿಯ ತಿರುವಿನಲ್ಲಿ ಎದೆ ನಗಾರಿಯಂತೆ ಬಡಿದುಕೊಳ್ಳತೊಡಗಿತು. ಬೆರಳುಗಳು ಜುಮ್ಮೆಂದವು. ಅಣ್ಣನಿಗೆ ಬಂದ ಗಳಿಗೆ ನನಗೂ ಬಂತೆಂದೇ ತಿಳಿದೆ. ಮುಂದಿನ ಊರಿನಲ್ಲಿ ನನ್ನನ್ನು ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷಿಸಿದರು. ವೈದ್ಯರು, "ಮೇಷ್ಟ್ರೇ, ನಿಮ್ಮ ಹೃದಯ ಚೆನ್ನಾಗಿದೆ. ಇದು ಗಾಬರಿಯ ಹೊಡೆತ" ಎಂದರು. ನನಗೆ ಸಮಾಧಾನಕ್ಕಿಂತ ಮೊದಲು ಅವಮಾನವಾಯಿತು. "ಹಾಗಾದರೆ ನಾನು ನಾಟಕವಾಡಿದೆನೆ?" ಎಂದು ಕೇಳಿದೆ. "ಯಾರು ಹಾಗೆಂದವರು? ಎದೆ ಬಡಿದುಕೊಂಡದ್ದು ನಿಜ, ಬೆವರಿದ್ದು ನಿಜ. ಅಪಾಯವೊಂದೇ ಸುಳ್ಳು" ಎಂದರು ಅವರು. ಆಗ ನನಗೆ ಆ ಹುಡುಗಿಯ ಮುಖ ನೆನಪಾಯಿತು.

ಲಕ್ಷಣಗಳು

ದಿಗಿಲಿನ ಹೊಡೆತದ ಗುರುತು ಅದರ ವೇಗ. ಅದು ತಟ್ಟನೆ ಏಳುತ್ತದೆ. ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ 10 ನಿಮಿಷಗಳೊಳಗೆ, ತುತ್ತತುದಿಗೆ ಏರುತ್ತದೆ. ಬಹುಪಾಲು ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದೆ. ಆಯಾಸ ಮಾತ್ರ ಇನ್ನೂ ಕೆಲವು ಗಂಟೆ ಉಳಿಯಬಹುದು. ಎದೆಬಡಿತ, ಬೆವರು, ನಡುಕ, ಉಸಿರು ಕಟ್ಟಿದಂತಾಗುವುದು, ಗಂಟಲು ಬಿಗಿಯುವುದು, ಎದೆಯಲ್ಲಿ ನೋವು, ಹೊಟ್ಟೆ ತೊಳಸುವುದು, ತಲೆ ಸುತ್ತು, ಮೈ ತಣ್ಣಗಾಗುವುದು ಅಥವಾ ಕಾಯುವುದು, ಕೈಕಾಲು ಜುಮ್ಮೆನ್ನುವುದು, ಸುತ್ತಲಿನದೆಲ್ಲ ಕನಸಿನಂತೆ ದೂರವಾಗಿ ಕಾಣುವುದು, ಹುಚ್ಚು ಹಿಡಿಯುತ್ತದೆಂಬ ಅಂಜಿಕೆ, ಸಾಯುತ್ತೇನೆಂಬ ಅಂಜಿಕೆ — ವೈದ್ಯಶಾಸ್ತ್ರ ಎಣಿಸುವ ಲಕ್ಷಣಗಳು ಇವು. ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಒಟ್ಟಿಗೆ ತೋರಿದರೆ ಅದನ್ನು ಪೂರ್ಣ ಪ್ರಮಾಣದ ಹೊಡೆತವೆನ್ನುತ್ತಾರೆ.

ನಮ್ಮ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ಪಟ್ಟಿ ತೀರ ಹೊಸದೇನೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ವಿಕ ಭಾವಗಳನ್ನು ಹೇಳಿದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ರೋಮ ನಿಮಿರುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಕೊನೆಗೆ ಮೈಮರೆತು ಬೀಳುವುದು. ಮನಸ್ಸಿನಲ್ಲಿ ಭಾವ ತುಂಬಿದರೆ ಅದು ಮೈಯಲ್ಲಿ ಕಾಣಿಸಿಕೊಳ್ಳಲೇಬೇಕೆಂಬುದನ್ನು ಅವರು ಅರಿತಿದ್ದರು. ಈ ಎಂಟರಲ್ಲಿ ಕಡೆಯದು ಮಾತ್ರ ದಿಗಿಲಿನ ಹೊಡೆತದಲ್ಲಿ ಅಪರೂಪ. ಮೂರ್ಛೆ ಬರಬೇಕಾದರೆ ರಕ್ತದೊತ್ತಡ ತಟ್ಟನೆ ಇಳಿಯಬೇಕು. ದಿಗಿಲಿನಲ್ಲಾದರೋ ಅದು ಸಾಮಾನ್ಯವಾಗಿ ಏರುತ್ತದೆ. 'ಬಿದ್ದೇಬಿಡುತ್ತೇನೆ' ಎನ್ನುವವರು ಬೀಳದಿರುವುದು ಇದರಿಂದ.

ಮೈಯೊಳಗೆ ನಡೆಯುವುದೇನು?

ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದ ಆಕಾರದ ಒಂದು ಸಣ್ಣ ಭಾಗವಿದೆ. ಅದಕ್ಕೆ ಅಮಿಗ್ಡಲ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಬಾದಾಮಿ ಎಂದೇ ಅರ್ಥ. ಅಪಾಯವನ್ನು ಕಂಡು ಕೂಗು ಹಾಕುವುದರಲ್ಲಿ ಅದಕ್ಕೆ ದೊಡ್ಡ ಪಾಲುಂಟು. ಊರ ಕಾವಲುಗಾರನಿದ್ದಂತೆ. ಅವನ ಕೂಗು ಕೇಳಿದೊಡನೆ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಆಗ ಇಡೀ ಮೈ ಹೋರಾಟಕ್ಕೋ ಓಟಕ್ಕೋ ಅಣಿಯಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಸಿದ್ಧತೆಯನ್ನು ವಿಸ್ತಾರವಾಗಿ ವಿವರಿಸಿದ.

ಈ ದೃಷ್ಟಿಯಿಂದ ನೋಡಿದರೆ ಒಂದೊಂದು ಲಕ್ಷಣಕ್ಕೂ ಒಂದೊಂದು ಪ್ರಯೋಜನವಿದೆ. ತೊಡೆ ತೋಳುಗಳ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಅದಕ್ಕಾಗಿ ಹೃದಯ ಬೇಗ ಬಡಿಯುತ್ತದೆ. ಚರ್ಮದ ಕಡೆಗೆ ಹೋಗುವ ರಕ್ತ ಕಡಮೆಯಾಗುತ್ತದೆ. ಆದುದರಿಂದ ಮುಖ ಬಿಳಿಚುತ್ತದೆ, ಕೈ ತಣ್ಣಗಾಗುತ್ತದೆ. ಓಡುವವನ ಮೈ ಕಾವೇರದಿರಲೆಂದು ಬೆವರು. ಓಡುವಾಗ ಊಟ ಅರಗಿಸುತ್ತ ಕೂಡುವುದು ಬೇಡವೆಂದು ಜಠರ ಕೆಲಸ ನಿಲ್ಲಿಸುತ್ತದೆ. ಅದರಿಂದ ಹೊಟ್ಟೆ ತೊಳಸು, ಒಣಗಿದ ಬಾಯಿ. ಹುಲಿ ಎದುರಿಗಿದ್ದರೆ ಇವೆಲ್ಲ ಪ್ರಾಣರಕ್ಷಕ. ಹುಲಿಯಿಲ್ಲದಾಗ ಇವೇ ಪ್ರಾಣಸಂಕಟದಂತೆ ತೋರುತ್ತವೆ. ಕಾವಲುಗಾರ ತನ್ನ ನೆರಳನ್ನೇ ಕಂಡು ಊರನ್ನೆಬ್ಬಿಸಿದ್ದಾನೆ. ಊರವರು ದೊಣ್ಣೆ ಹಿಡಿದು ಬಂದಿದ್ದಾರೆ. ಹೊಡೆಯಲು ಎದುರಿಗೆ ಯಾರೂ ಇಲ್ಲ.

ಉಸಿರಿನ ವಿಚಾರ ಇನ್ನೂ ವಿಚಿತ್ರವಾದದ್ದು. ದಿಗಿಲುಗೊಂಡವನು 'ಗಾಳಿ ಸಾಲದು' ಎಂದು ಬೇಗ ಬೇಗ ಉಸಿರೆಳೆಯುತ್ತಾನೆ. ನಿಜವಾಗಿ ಅವನಿಗೆ ಗಾಳಿ ಸಾಲದೆ ಹೋಗಿಲ್ಲ, ಹೆಚ್ಚಾಗಿದೆ. ಹೀಗೆ ಏದುವುದರಿಂದ ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ. ಬೆರಳ ತುದಿಯೂ ತುಟಿಯ ಸುತ್ತಲೂ ಜುಮ್ಮೆನ್ನುತ್ತದೆ. ಅದನ್ನು ಕಂಡು ಅವನು ಇನ್ನೂ ಜೋರಾಗಿ ಉಸಿರೆಳೆಯುತ್ತಾನೆ. ಬೆಂಕಿಯಾರಿಸಲು ಹೋಗಿ ಎಣ್ಣೆ ಸುರಿದಂತೆ.

ಹಗ್ಗವೂ ಹಾವೂ

ವೇದಾಂತಿಗಳು ಹೇಳುವ ಒಂದು ದೃಷ್ಟಾಂತ ಎಲ್ಲರಿಗೂ ತಿಳಿದದ್ದೇ. ಮಬ್ಬುಗತ್ತಲೆಯಲ್ಲಿ ಬಿದ್ದ ಹಗ್ಗವನ್ನು ಕಂಡು ಒಬ್ಬ ಹಾವೆಂದು ತಿಳಿಯುತ್ತಾನೆ. ಹಾವು ಸುಳ್ಳು; ಆದರೆ ಅವನ ಬೆವರು, ನಡುಕ, ಕೂಗು ಸುಳ್ಳಲ್ಲ. ದಿಗಿಲಿನ ಹೊಡೆತದಲ್ಲಿಯೂ ನಡೆಯುವುದು ಇದೇ. ಆದರೆ ಇಲ್ಲಿ ಹಗ್ಗ ಹೊರಗೆಲ್ಲಿಯೂ ಇಲ್ಲ, ನಮ್ಮ ಮೈಯಲ್ಲಿಯೇ ಇದೆ. ಮೆಟ್ಟಿಲು ಹತ್ತಿ ಬಂದುದರಿಂದಲೋ, ನಿದ್ದೆಗೆಟ್ಟುದರಿಂದಲೋ, ಎರಡು ಲೋಟ ಗಟ್ಟಿ ಕಾಫಿ ಕುಡಿದುದರಿಂದಲೋ ಎದೆ ಸ್ವಲ್ಪ ಬೇಗ ಬಡಿಯುತ್ತದೆ. ಅದು ಹಗ್ಗ. 'ಹೃದಯ ನಿಲ್ಲುತ್ತಿದೆ' ಎಂದು ಮನಸ್ಸು ಓದಿಕೊಳ್ಳುತ್ತದೆ. ಅದು ಹಾವು. ಆ ಓದಿನಿಂದ ಭಯ, ಭಯದಿಂದ ಅಡ್ರಿನಲಿನ್, ಅಡ್ರಿನಲಿನ್‌ನಿಂದ ಇನ್ನೂ ಬೇಗ ಬಡಿತ, ಬಡಿತದಿಂದ ಇನ್ನೂ ಭಯ. ಈ ಚಕ್ರವನ್ನು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಇಂದಿನ ಚಿಕಿತ್ಸೆಯ ಒಂದು ದೊಡ್ಡ ಭಾಗ ಈ ತಿಳಿವಳಿಕೆಯ ಮೇಲೆ ನಿಂತಿದೆ. ನನ್ನ ವಿಷಯದಲ್ಲಿ ಘಾಟಿಯ ತಿರುವು, ಖಾಲಿ ಹೊಟ್ಟೆ ಹಗ್ಗ. ಅಣ್ಣನ ಸಾವು ಅದನ್ನು ಹಾವಾಗಿಸಿತ್ತು.

ಈ ಬೇನೆಯನ್ನು ಗುರುತಿಸಲು ವೈದ್ಯರಿಗೂ ಬಹುಕಾಲ ಹಿಡಿಯಿತು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಗಾಯವಿಲ್ಲದೆ ಬರುತ್ತಿದ್ದ ಎದೆಬಡಿತ, ಏದುಸಿರುಗಳನ್ನು ಡಾ ಕೋಸ್ಟ ಎಂಬ ವೈದ್ಯ 1871ರಲ್ಲಿ ವರ್ಣಿಸಿ, ಅದನ್ನು ಕೆರಳಿದ ಹೃದಯವೆಂದು ಕರೆದ. 1895ರಲ್ಲಿ ಫ್ರಾಯ್ಡ್ ಇಂಥ ಆತಂಕದ ಹೊಡೆತಗಳನ್ನು ನರದೌರ್ಬಲ್ಯದಿಂದ ಬೇರ್ಪಡಿಸಿ ತೋರಿಸಿದ. ಇಮಿಪ್ರಮಿನ್ ಎಂಬ ಔಷಧ ದಿಗಿಲಿನ ಹೊಡೆತಗಳನ್ನು ತಡೆಯುತ್ತದೆಂಬುದನ್ನು ಕಂಡ ಅಮೆರಿಕದ ಡೊನಾಲ್ಡ್ ಕ್ಲೈನ್, ಇದು ಸಾಮಾನ್ಯ ಆತಂಕಕ್ಕಿಂತ ಬೇರೆಯಾದುದೆಂದು 1964ರಲ್ಲಿ ಬರೆದರು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಪ್ಯಾನಿಕ್ ಎಂಬ ಮಾತು ಬಂದದ್ದು ಗ್ರೀಕರ ಪ್ಯಾನ್ ಎಂಬ ವನದೇವತೆಯಿಂದ. ಅರೆ ಮನುಷ್ಯ, ಅರೆ ಮೇಕೆಯ ರೂಪದ ಈ ದೇವತೆ ಕಾಡುಮೇಡುಗಳಲ್ಲಿ ಹೋಗುವವರಿಗೆ ಕಾರಣ ಕಾಣದ ಭಯವನ್ನು ಹುಟ್ಟಿಸುವನೆಂದು ಅವರ ನಂಬಿಕೆ. ಗಾಳಿ ಸೋಂಕೆಂಬ ನಮ್ಮ ಮಾತಿಗೆ ಇದು ದೂರದ ನೆಂಟ.

ಭಯದ ಭಯ

ಒಮ್ಮೆ ಹೊಡೆತ ಬಂದವರಿಗೆಲ್ಲ ಅದು ರೋಗವಾಗುವುದಿಲ್ಲ. ಜೀವನದಲ್ಲಿ ಒಂದೆರಡು ಬಾರಿ ಇಂಥ ಅನುಭವವಾಗಿ ಅಲ್ಲಿಗೇ ಮುಗಿದವರು ಅನೇಕರು. ಮತ್ತೆ ಮತ್ತೆ ಬಂದು, 'ಮತ್ತೆ ಯಾವಾಗ ಬರುವುದೋ' ಎಂಬ ಚಿಂತೆ ತಿಂಗಳುಗಟ್ಟಲೆ ಉಳಿದು, ನಡೆನುಡಿಯನ್ನೇ ಬದಲಿಸಿದರೆ ಆಗ ಅದು ರೋಗ. ಹೆಚ್ಚಾಗಿ ಹದಿಹರೆಯದ ಕೊನೆಯಿಂದ ನಡುವಯಸ್ಸಿನೊಳಗೆ ಇದು ಆರಂಭವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡರಷ್ಟು ಕಂಡುಬರುತ್ತದೆ.

ಇಲ್ಲಿ ದೊಡ್ಡ ಶತ್ರು ಹೊಡೆತವಲ್ಲ, ತಪ್ಪಿಸಿಕೊಳ್ಳುವಿಕೆ. ಬಸ್ಸಿನಲ್ಲಿ ಬಂದಿತೆಂದು ಬಸ್ಸು ಬಿಟ್ಟರು. ಜಾತ್ರೆಯಲ್ಲಿ ಬಂದಿತೆಂದು ಜಾತ್ರೆ ಬಿಟ್ಟರು. ಆಮೇಲೆ ಮದುವೆಮನೆ, ಸಿನಿಮಾ, ಸಂತೆ. ಕಡೆಗೆ ಹೊಸ್ತಿಲೇ ಎಲ್ಲೆ. 1871ರಲ್ಲಿಯೇ ಜರ್ಮನಿಯ ವೆಸ್ಟ್‌ಫಾಲ್ ಎಂಬ ವೈದ್ಯ ಬಯಲುಚೌಕ ದಾಟಲಾರದ ಮೂವರು ಗಂಡಸರನ್ನು ವರ್ಣಿಸಿ ಇದಕ್ಕೆ ಅಗೊರಫೋಬಿಯ ಎಂದು ಹೆಸರಿಟ್ಟ. ಅಗೊರ ಎಂದರೆ ಗ್ರೀಕರ ಸಂತೆಯ ಬಯಲು. ತಪ್ಪಿಸಿಕೊಂಡ ಪ್ರತಿ ಬಾರಿಯೂ ಕೂಡಲೇ ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿಯೇ 'ಅಲ್ಲಿ ಹಾವಿದ್ದದ್ದು ನಿಜ' ಎಂದು ಮನಸ್ಸಿಗೆ ಪಾಠ ಹೇಳುತ್ತದೆ. ನನ್ನ ವಿದ್ಯಾರ್ಥಿನಿ ಶಾಲೆ ಬಿಟ್ಟದ್ದೂ ಹೀಗೆಯೇ. ನನ್ನ ಗೇಲಿ ಅವಳಿಗೆ ಇನ್ನೊಂದು ಕಾರಣವನ್ನು ಒದಗಿಸಿತು. ಹೆದರಿದವರ ಮೇಲೆ ಹಾವು ಎಸೆದವನು ನಾನು.

ಹೊಡೆತ ಬಂದಾಗ ಏನು ಮಾಡಬೇಕು?

ಮೊದಲು ಒಂದು ಎಚ್ಚರಿಕೆ. ಮೊದಲ ಸಲ ಹೀಗಾದಾಗ ಇದು ದಿಗಿಲೆಂದು ತಾವೇ ತೀರ್ಮಾನಿಸಿ ಮನೆಯಲ್ಲಿ ಕೂಡತಕ್ಕದ್ದಲ್ಲ. ನಡೆದರೆ ಹೆಚ್ಚುವ ಎದೆನೋವು, ತೋಳಿಗೋ ದವಡೆಗೋ ಬೆನ್ನಿಗೋ ಹರಡುವ ನೋವು, ಬಿಡದೆ ಉಳಿಯುವ ನೋವು, ನಿಜವಾದ ಮೂರ್ಛೆ — ಇವುಗಳಲ್ಲಿ ಯಾವುದು ಕಂಡರೂ, ವಿಶೇಷವಾಗಿ ನಡುವಯಸ್ಸು ದಾಟಿದವರಿಗೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೂ, ಕೂಡಲೇ ಆಸ್ಪತ್ರೆ. 108ಕ್ಕೆ ಕರೆ ಮಾಡಬೇಕು. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತಹೀನತೆ, ಹೃದಯಬಡಿತದ ಲಯ ತಪ್ಪುವುದು, ಗೂರಲು, ಸಕ್ಕರೆ ಅಂಶ ಇಳಿಯುವುದು ಇವೂ ದಿಗಿಲಿನ ವೇಷ ಹಾಕಿ ಬರಬಲ್ಲವು. ಪರೀಕ್ಷೆಯಾಗಿ ವೈದ್ಯರು 'ಇದು ದಿಗಿಲೇ' ಎಂದ ಮೇಲೆ ಮುಂದಿನ ಮಾತುಗಳು ಅನ್ವಯಿಸುತ್ತವೆ.

ಒಂದನೆಯದು, ಹೆಸರಿಟ್ಟು ಕರೆಯುವುದು. 'ಇದು ದಿಗಿಲಿನ ಹೊಡೆತ. ಹಿಂದೆಯೂ ಬಂದಿತ್ತು, ಹೋಗಿತ್ತು. ಈಗಲೂ ಹೋಗುತ್ತದೆ' ಎಂದು ಹೇಳಿಕೊಳ್ಳಬೇಕು. ಇದು ದೀಪ ಹಿಡಿದು ಹಗ್ಗವನ್ನು ನೋಡಿದಂತೆ.

ಎರಡನೆಯದು, ಉಸಿರನ್ನು ನಿಧಾನಿಸುವುದು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಎದೆಯುಬ್ಬಿಸುವುದು ಬೇಡ, ಹೊಟ್ಟೆ ಮೆಲ್ಲನೆ ಏರಿಳಿಯಲಿ. ಸೆಕೆಂಡಿಗೊಂದರಂತೆ ಎಣಿಸಿದರೆ ನಿಮಿಷಕ್ಕೆ 6 ಉಸಿರಾಗುತ್ತದೆ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ದೀರ್ಘವಾಗಿರಬೇಕೆಂಬುದು ಮುಖ್ಯ. ಕಾಗದದ ಚೀಲವನ್ನು ಬಾಯಿಗೆ ಹಿಡಿಸುವ ಹಳೆಯ ರೂಢಿಯನ್ನು ಈಗ ವೈದ್ಯರು ಒಪ್ಪುವುದಿಲ್ಲ. ಬೇನೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದರಿಂದ ಅಪಾಯವುಂಟು.

ಮೂರನೆಯದು, ಕುಸ್ತಿಗೆ ನಿಲ್ಲದಿರುವುದು. ಆಸ್ಟ್ರೇಲಿಯದ ವೈದ್ಯೆ ಕ್ಲೇರ್ ವೀಕ್ಸ್ 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಾಲ್ಕು ಸೂತ್ರಗಳನ್ನು ಕೊಟ್ಟರು: ಎದುರಿಸು, ಒಪ್ಪಿಕೋ, ತೇಲು, ಕಾಲ ಸರಿಯಲು ಬಿಡು. ಈಜು ಬಲ್ಲವರಿಗೆ ಇದರ ಅರ್ಥ ಕೂಡಲೇ ತಿಳಿಯುತ್ತದೆ. ಸೆಳವಿನಲ್ಲಿ ಕೈಕಾಲು ಬಡಿದವನು ದಣಿಯುತ್ತಾನೆ. ಮೈ ಸಡಿಲಿಸಿ ತೇಲಿದವನು ದಡ ಕಾಣುತ್ತಾನೆ.

ನಾಲ್ಕನೆಯದು, ಆದಷ್ಟು ಮಟ್ಟಿಗೆ ಇದ್ದ ಜಾಗದಲ್ಲೇ ಇರುವುದು. ವಾಹನ ನಡೆಸುತ್ತಿದ್ದರೆ ಮಾತ್ರ ಬದಿಗೆ ನಿಲ್ಲಿಸಬೇಕು. ಉಳಿದಂತೆ ಓಡಿಹೋಗದೆ, ಅಂಗಾಲಿಗೆ ತಾಗಿದ ನೆಲ, ಕೈಗೆ ತಾಗಿದ ಬೆಂಚು, ಕಿವಿಗೆ ಬೀಳುವ ಸದ್ದು ಇವುಗಳ ಕಡೆಗೆ ಗಮನ ಕೊಡುತ್ತ ಅಲೆ ಇಳಿಯುವವರೆಗೆ ಕಾಯಬೇಕು.

ಹತ್ತಿರದಲ್ಲಿರುವವರ ಕರ್ತವ್ಯವೂ ಉಂಟು. 'ಏನೂ ಆಗಿಲ್ಲ, ಸುಮ್ಮನಿರು' ಎನ್ನುವುದೂ 'ಅಯ್ಯೋ, ಏನಾಯಿತು' ಎಂದು ಹತ್ತು ಜನ ಮುತ್ತುವುದೂ ಎರಡೂ ತಪ್ಪು. ಪಕ್ಕದಲ್ಲಿ ಕುಳಿತು, ತಗ್ಗಿದ ದನಿಯಲ್ಲಿ, 'ನಾನಿದ್ದೇನೆ. ಇದು ಇಳಿಯುತ್ತದೆ. ನನ್ನ ಜೊತೆ ಉಸಿರು ಬಿಡು' ಎಂದರೆ ಸಾಕು.

ಚಿಕಿತ್ಸೆ

ಮತ್ತೆ ಮತ್ತೆ ಬರುವ ಹೊಡೆತಗಳಿಗೆ ಒಳ್ಳೆಯ ಚಿಕಿತ್ಸೆಯಿದೆ. ಹೆಚ್ಚಿನವರಿಗೆ ಗುಣ ಕಾಣುತ್ತದೆ. ಮಾತಿನ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರು ರೋಗಿಯ ಹಗ್ಗ-ಹಾವುಗಳನ್ನು ಅವನೊಡನೆಯೇ ಬಿಡಿಸಿ ನೋಡುತ್ತಾರೆ. ಬೇಕೆಂದೇ ಬೇಗ ಉಸಿರಾಡಿಸಿ, ನಿಂತಲ್ಲೇ ಓಡಿಸಿ, ಎದೆ ಬಡಿದರೂ ಸಾಯುವುದಿಲ್ಲವೆಂಬುದನ್ನು ಮೈಗೇ ಕಲಿಸುತ್ತಾರೆ. ಬಿಟ್ಟ ಜಾಗಗಳಿಗೆ ಹೆಜ್ಜೆ ಹೆಜ್ಜೆಯಾಗಿ ಮರಳಿಸುತ್ತಾರೆ: ಇವತ್ತು ಬಸ್ ನಿಲ್ದಾಣದವರೆಗೆ, ನಾಳೆ ಒಂದು ನಿಲ್ದಾಣದ ದೂರ, ಆಮೇಲೆ ಮುಂದಿನ ಊರು. ಔಷಧಗಳಲ್ಲಿ ಮಿದುಳಿನ ಸೆರೊಟೊನಿನ್ ಮೇಲೆ ಕೆಲಸ ಮಾಡುವ ಗುಳಿಗೆಗಳಿವೆ; ಇವುಗಳ ಗುಣ ತೋರಲು ಕೆಲವು ವಾರಗಳೇ ಬೇಕು; ತಾವಾಗಿಯೇ ನಿಲ್ಲಿಸಬಾರದು. ಕೂಡಲೇ ಶಮನಗೊಳಿಸುವ ನಿದ್ರಾಗುಣದ ಗುಳಿಗೆಗಳು ಚಟವಾಗಬಲ್ಲವು. ಪಕ್ಕದ ಮನೆಯವರ ಡಬ್ಬಿಯಿಂದ ಇಸಿದುಕೊಂಡು ನುಂಗುವ ವಸ್ತುಗಳು ಇವಲ್ಲ. ಕಾಫಿ ಕಡಮೆ ಮಾಡುವುದು, ಹೊಗೆಸೊಪ್ಪು ಮದ್ಯಗಳನ್ನು ಬಿಡುವುದು, ಹೊತ್ತಿಗೆ ಸರಿಯಾದ ನಿದ್ದೆ, ದಿನವೂ ನಡಿಗೆ ಇವು ಮನೆಯ ಮದ್ದು.

ಮನಸ್ಸಿನ ವೈದ್ಯರೆಂದರೆ ದೂರದ ಊರಿನ ಮಾತೆಂದು ತಿಳಿಯುವ ಕಾಲ ಕಳೆಯಿತು. ಈ ವಿದ್ಯೆಗೂ ಬಾನುಲಿಗೂ ನಮ್ಮ ನಾಡಿನಲ್ಲಿ ಒಂದು ಹಳೆಯ ನಂಟುಂಟು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋವೈದ್ಯವನ್ನು ಹಳ್ಳಿಯ ಬಾಗಿಲಿಗೆ ತಂದಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಕಾನೂನು ಹೇಳಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ದೇವರಿಗೆ ಹರಕೆ ಹೊರುವುದನ್ನು ಬಿಡಿರೆಂದು ನಾನು ಹೇಳುವವನಲ್ಲ. ಹರಕೆಯ ಜೊತೆಗೆ ವೈದ್ಯರಲ್ಲಿಗೂ ಹೋಗಿರೆಂಬುದಷ್ಟೇ ನನ್ನ ಬಿನ್ನಹ.

ಆಸ್ಪತ್ರೆಯಿಂದ ಬಂದ ಮರುವಾರ ನಾನು ಆ ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿ ಕಾಫಿ ತಂದಿಟ್ಟರು. ನನಗಾದದ್ದನ್ನು ಹೇಳಿ, "ಅವತ್ತು ನಾನು ಹಾಗೆ ಅನ್ನಬಾರದಿತ್ತಮ್ಮ" ಎಂದೆ. ಅವಳು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ನಿಮಗೂ ಬೆರಳು ಜುಮ್ಮಂತಿತ್ತಾ ಸಾರ್?" ಎಂದು ಕೇಳಿದಳು. ಮುಂದೆ ಜಿಲ್ಲಾ ಆಸ್ಪತ್ರೆಗೆ ಹೋಗಿಬಂದರು. ಮೊದಲ ತಿಂಗಳು ಶಾಲೆಯ ಗೇಟಿನವರೆಗೆ ಬಂದು ಹೋಗುತ್ತಿದ್ದಳು. ಆಮೇಲೆ ಒಂದು ಪಿರಿಯಡ್ಡು. ಆಮೇಲೆ ಅರ್ಧ ದಿನ. ಮರುವರ್ಷ ಪರೀಕ್ಷೆ ಬರೆದು ತೇರ್ಗಡೆಯಾದಳು. ಈಗ ಪದವಿ ಓದುತ್ತಿದ್ದಾಳೆ. ಮೊನ್ನೆ ಪೇಟೆಯಲ್ಲಿ ಸಿಕ್ಕಿದ್ದಳು. "ಈಗಲೂ ಬರುತ್ತೇನಮ್ಮ?" ಎಂದೆ.

"ಯಾವಾಗಲಾದರೂ ಬರುತ್ತೆ ಸಾರ್," ಎಂದಳು. "ಬರುತ್ತೆ, ಹೋಗುತ್ತೆ."